ಊರೊಳಗೇ ಓಡುವ ಕಾರಿನ ಕಾರ್ಬನ್ ಹೆದ್ದಾರಿಯಲ್ಲಿ ಸುಟ್ಟುಹೋಗುತ್ತದೆಯೇ?

ನಿಮ್ಮ ಪೆಟ್ರೋಲ್ ಕಾರು ಪಿ.ಜೆ. ಬಡಾವಣೆ, ಮಂಡಿಪೇಟೆ, ಹದಡಿ ರಸ್ತೆ ಬಿಟ್ಟು ಆಚೆ ಹೋಗುವುದಿಲ್ಲ, ಈಗ ಪಿಕಪ್ ಕಡಿಮೆಯಾಗಿದೆ ಎಂದಿದ್ದೀರಿ. ಚಿತ್ರದುರ್ಗದವರೆಗೆ ಒಮ್ಮೆ ಚೆನ್ನಾಗಿ ತುಳಿದು ಓಡಿಸಿಕೊಂಡು ಬಂದರೆ ಕಾರ್ಬನ್ ಸುಟ್ಟುಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದನ್ನು ನಂಬಬಹುದೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲೇ ಗ್ಯಾರೇಜ್ ನಡೆಸುವವನು ನಾನು. ಅವರ ಮಾತಿನಲ್ಲಿ ನಿಜವಿದೆ, ಆದರೆ ಅದು ಎಲ್ಲ ಎಂಜಿನ್‌ಗಳಿಗೂ ಅನ್ವಯಿಸುವುದಿಲ್ಲ. ಕಾರ್ಬನ್ ಎಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ತಣ್ಣಗಿರುವಾಗ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಅದರಲ್ಲಿ ಒಂದಿಷ್ಟು ಸರಿಯಾಗಿ ಉರಿಯದೆ ಮಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಅದರ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಸಂತೆ ಬೀದಿಯ ನಡಿಗೆ ವೇಗದಲ್ಲಿ ಆ ಶಾಖ ಹುಟ್ಟುವುದಿಲ್ಲ. ಇಂಥ ಕಾರಿನ ಪ್ಲಗ್ ಬಿಚ್ಚಿದರೆ ತುದಿಯ ಬಿಳಿ ಪಿಂಗಾಣಿ ಕಪ್ಪಾಗಿರುತ್ತದೆ, ಒರೆಸಿದರೆ ಬೆರಳಿಗೆ ಒಣ ಮಸಿ ಹತ್ತುತ್ತದೆ. ಈ ಮಸಿಗೆ ಹೆದ್ದಾರಿಯ ಓಟ ಒಳ್ಳೆಯ ಔಷಧ. ಉರಿಯುವ ಕೋಣೆಯ ಗೋಡೆ, ಪಿಸ್ಟನ್ ತಲೆಯ ಮೇಲಿನ ತೆಳು ಪದರವೂ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಈ ಉಪಾಯಕ್ಕೆ ಅಷ್ಟು ಹೆಸರು ಬಂದದ್ದು ಇದರಿಂದಲೇ. ಆಗ ಪ್ಲಗ್ ಕಪ್ಪಾಗುವುದು ದಿನನಿತ್ಯದ ಗೋಳಾಗಿತ್ತು.

ಸಿಲಿಂಡರಿಗೆ ಗಾಳಿ ಬಿಡುವ ಒಳಹರಿವಿನ ವಾಲ್ವ್‌ಗಳ ಕಥೆ ಬೇರೆ. ಎಂಪಿಎಫ್‌ಐ ಎಂಜಿನ್‌ನಲ್ಲಿ ಪೆಟ್ರೋಲ್ ಆ ವಾಲ್ವ್‌ನ ಬೆನ್ನ ಮೇಲೇ ಸಿಂಪಡಣೆಯಾಗುವುದರಿಂದ ಅದು ಹೆಚ್ಚೂಕಡಿಮೆ ತೊಳೆದುಕೊಂಡೇ ಇರುತ್ತದೆ. ಜಿಡಿಐ, ಟಿಎಸ್‌ಐ ಎಂದು ಬರೆದ ಕಾರುಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಹೋಗುತ್ತದೆ, ವಾಲ್ವ್‌ನ ಬೆನ್ನಿಗೆ ಒಂದು ಹನಿಯೂ ತಾಗುವುದಿಲ್ಲ. ಎಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಆವಿ ಮಾತ್ರ ಅಲ್ಲಿ ಕೂತು ಬೇಯುತ್ತದೆ. ಗಾಳಿ ಒಳಬರುವ ಕೊಳವೆಯಾದ ಮ್ಯಾನಿಫೋಲ್ಡ್ ಬಿಚ್ಚಿ ಟಾರ್ಚ್ ಹಾಕಿದರೆ, ಉಜ್ಜದೆ ಬಿಟ್ಟ ದೋಸೆ ಕಾವಲಿಯ ಅಂಚಿನ ಹಾಗೆ ವಾಲ್ವ್ ಕಾಂಡದ ಸುತ್ತ ಕರಿ ಹೆಪ್ಪು ಕಾಣುತ್ತದೆ, ಸ್ಕ್ರೂಡ್ರೈವರ್ ಮೊನೆಗೂ ಸುಲಭಕ್ಕೆ ಬಗ್ಗುವುದಿಲ್ಲ. ಇದನ್ನು ಎಷ್ಟು ತುಳಿದು ಓಡಿಸಿದರೂ ಕಿತ್ತುಹಾಕಲಾಗದು. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಕೂಡ ಅಲ್ಲಿಗೆ ತಲುಪುವುದಿಲ್ಲ. ಮ್ಯಾನಿಫೋಲ್ಡ್ ಇಳಿಸಿ ಕೈಯಿಂದ ತೆಗೆಯಬೇಕು, ಇಲ್ಲವೇ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಸಬೇಕು.

ಡೀಸೆಲ್ ಕಾರಿನವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಬೇಕು. ಕಾರು ತಾನಾಗಿ ಸುಡಲು ಶುರುಮಾಡಿದಾಗ ಐಡಲ್ ವೇಗ ಏರುತ್ತದೆ, ಫ್ಯಾನ್ ನಿಲ್ಲದೆ ತಿರುಗುತ್ತದೆ. ಆ ಹೊತ್ತಿನಲ್ಲಿ ಮನೆ ಬಂತೆಂದು ಮತ್ತೆ ಮತ್ತೆ ಆಫ್ ಮಾಡುತ್ತಿದ್ದರೆ ಮಸಿ ಅರ್ಧಕ್ಕೇ ಉಳಿಯುತ್ತದೆ, ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪಿಎಫ್ ಲ್ಯಾಂಪ್ ಹತ್ತಿದ ಕೂಡಲೇ ಆನಗೋಡು, ಭರಮಸಾಗರದ ಕಡೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಂಜಿನ್ ಶಕ್ತಿ ತಾನೇ ಕಡಿತಗೊಂಡಿದ್ದರೆ ಓಡಿಸಬೇಡಿ, ಸ್ಕ್ಯಾನರ್ ಇರುವ ಕಡೆ ಒಯ್ಯಿರಿ.

ಇನ್ನು ನಿಮ್ಮ ಕಾರನ್ನು ಓಡಿಸುವ ಬಗೆ. ಬೇಕಾಗಿರುವುದು ಶಾಖ ಮತ್ತು ಹೊರೆ, ವೇಗವಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ 130, 140ಕ್ಕೆ ಏರಿಸಿ ಕಾರ್ಬನ್ ಸುಡಲು ಹೊರಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಹೊರಡುವ ಮುನ್ನ ಆಯಿಲ್ ಮಟ್ಟ, ಕೂಲೆಂಟ್, ಟಯರ್ ಗಾಳಿ ನೋಡಿ. ಆಯಿಲ್ ಹಳೆಯದಾಗಿದ್ದರೆ ಬದಲಿಸಿಯೇ ಹೊರಡಿ. ಮೊದಲ ಹದಿನೈದು ನಿಮಿಷ ಮೆತ್ತಗೆ ಸಾಗಲಿ. ಕೂಲೆಂಟ್ ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಆಮೇಲೆ ಮೂರನೇ ಗೇರಿನಲ್ಲಿ 3000ದಿಂದ 4000 ಆರ್‌ಪಿಎಂ ನಡುವೆ, ಏರು ಸಿಕ್ಕಲ್ಲೆಲ್ಲ ಕಾಲು ಗಟ್ಟಿಯಾಗಿ ಇಟ್ಟು ಓಡಿಸಿ. ಸಣ್ಣ ಕಾರುಗಳಲ್ಲಿ ಇದು ಬಹುತೇಕ 60ರಿಂದ 80ರ ವೇಗ, ಫಲಕದ ಮಿತಿ ದಾಟುವ ಅಗತ್ಯವೇ ಬೀಳುವುದಿಲ್ಲ. ದಾವಣಗೆರೆಗಿಂತ ಚಿತ್ರದುರ್ಗ ಎತ್ತರದಲ್ಲಿರುವುದರಿಂದ ಹೋಗುವಾಗಲೇ ಎಂಜಿನ್‌ಗೆ ಸಾಕಷ್ಟು ಹೊರೆ ಸಿಗುತ್ತದೆ. ಹಿಂಬದಿಯಿಂದ ಮೊದಲು ತುಸು ಕಪ್ಪು ಹೊಗೆ ಬಂದು ನಿಂತರೆ ಗಾಬರಿಯಾಗಬೇಡಿ. ನೀಲಿ ಹೊಗೆ ಬಂದರೆ ಅದು ಆಯಿಲ್ ಉರಿಯುತ್ತಿರುವ ಗುರುತು, ಅಲ್ಲಿಗೇ ನಿಲ್ಲಿಸಿ ತೋರಿಸಿ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಈ ಓಟಕ್ಕೆ ಹೊರಡಲೇಬೇಡಿ.

ಪಿಕಪ್ ಬಿದ್ದದ್ದಕ್ಕೆ ಕಾರ್ಬನ್ನೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಏರ್ ಫಿಲ್ಟರ್ ಕಟ್ಟಿರಬಹುದು, ಗಾಳಿ ಎಷ್ಟು ಹೋಗಬೇಕೆಂದು ಹಿಡಿಯುವ ಥ್ರಾಟಲ್ ಬಾಡಿಯಲ್ಲಿ ಕೊಳೆ ಇರಬಹುದು, ಕ್ಲಚ್ ಜಾರುತ್ತಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು. ಡೀಕಾರ್ಬನ್ ಪ್ಯಾಕೇಜಿಗೆ ದುಡ್ಡು ಕೊಡುವ ಮುಂಚೆ ಫಿಲ್ಟರ್ ಮತ್ತು ಪ್ಲಗ್‌ಗಳನ್ನು ನಿಮ್ಮ ಕಣ್ಣೆದುರೇ ಬಿಚ್ಚಿ ತೋರಿಸಲು ಹೇಳಿ. ಪ್ಲಗ್ ತುದಿಯಲ್ಲಿ ಒಣ ಮಸಿ ಇದ್ದರೆ ಚಿತ್ರದುರ್ಗಕ್ಕೆ ಹೊರಡಿ. ಒದ್ದೆ ಆಯಿಲ್ ಇದ್ದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ.