ದಪ್ಪ ತಂತಿ ಹಾಕಿದರೆ ತುಂಡಾಗೋದು ನಿಲ್ಲುತ್ತಾ?

ಪ್ರಶ್ನೆ: ಗಿಟಾರ್ ನುಡಿಸಿ ಅಭ್ಯಾಸವಿದೆ. ಈಗ ಹದಿನಾಲ್ಕು ತಂತಿಯ ಥಿಯೋರ್ಬೊ (ಯುರೋಪಿನ ಹಳೆಯ ತಂತಿವಾದ್ಯ ಲ್ಯೂಟ್‌ನ ಜಾತಿಯದು, ಕತ್ತು ತುಂಬಾ ಉದ್ದ) ಬಾಡಿಗೆಗೆ ತಂದಿದ್ದೇನೆ. ಬೆರಳು ಒತ್ತುವ ತಂತಿಗಳ ಉದ್ದ 84 ಸೆಂ.ಮೀ. ಲ್ಯೂಟ್‌ನ ಹಾಗೆ ಮೊದಲ ತಂತಿಯನ್ನು ಮೇಲಿನ ‘ಎ’ಗೆ (440 ಹರ್ಟ್ಸ್) ಏರಿಸಲು ಹೋದೆ. ಕರುಳಿನ ತಂತಿ ಮೂರು ಸಲ ತುಂಡಾಯಿತು. ಇನ್ನೂ ದಪ್ಪದ್ದು ಹಾಕಲೇ?

ಉತ್ತರ: ದಯವಿಟ್ಟು ಬೇಡ. ತಂತಿ ಹೇಗೂ ತುಂಡಾಗುತ್ತದೆ, ಗ್ರಹಚಾರ ಕೆಟ್ಟರೆ ತಂತಿ ಕಟ್ಟಿರುವ ಕುದುರೆಯೂ ಕಿತ್ತು ಬರುತ್ತದೆ. ಬಾಡಿಗೆ ವಾದ್ಯ ಬೇರೆ!

ದಪ್ಪ ಎರಡರಷ್ಟಾದರೆ ತಂತಿ ತಡೆಯುವ ಎಳೆತ ನಾಲ್ಕರಷ್ಟಾಗುತ್ತದೆ, ನಿಜ. ಆದರೆ ಅದೇ ಸ್ವರಕ್ಕೆ ಬೇಕಾದ ಎಳೆತವೂ ನಾಲ್ಕರಷ್ಟೇ. ಲಾಭ ಸೊನ್ನೆ. ಲೆಕ್ಕಕ್ಕೆ ಬರುವುದು ಉದ್ದ ಮತ್ತು ಸ್ವರ ಮಾತ್ರ. ಉದ್ದವನ್ನು ಮೀಟರ್‌ನಲ್ಲಿ ಹಿಡಿದು ಹರ್ಟ್ಸ್‌ನಿಂದ ಗುಣಿಸಿ. 260ರ ಆಸುಪಾಸು ಬಂದರೆ ಕರುಳಿನ ತಂತಿಯ ಕಥೆ ಮುಗಿಯಿತು. ನಿಮ್ಮದು 370! ಬರೋಕ್ ಶ್ರುತಿ (ಯುರೋಪಿನ ಹಳೆಯ ಸಂಗೀತಕ್ಕೆ ಬಳಸುವ ತಗ್ಗು ಶ್ರುತಿ) ಅಂತ ‘ಎ’ಯನ್ನು 415ಕ್ಕೆ ಇಳಿಸಿದರೂ 349. ಎರಡನೆಯ ತಂತಿ ‘ಇ’ (330) ಲೆಕ್ಕ ಹಾಕಿದರೆ 277, ಅದೂ ಉಳಿಯುವುದಿಲ್ಲ. ಮೂರನೆಯ ‘ಬಿ’ (247) ಮಾತ್ರ 207ರಲ್ಲಿ ಆರಾಮಾಗಿ ನಿಲ್ಲುತ್ತದೆ.

16ನೇ ಶತಮಾನದ ಕೊನೆಗೆ ಇಟಲಿಯವರು ಇದಕ್ಕೇ ಮೊದಲ ಎರಡು ತಂತಿಗಳನ್ನು ಒಂದು ಸ್ಥಾಯಿ ಕೆಳಗಿಳಿಸಿದರು. ಎ, ಇ, ಬಿ, ಜಿ, ಡಿ, ಎ ಅನ್ನುವ ಹೆಸರುಗಳು ಹಾಗೇ ಉಳಿದವು, ಆದರೆ ಎಲ್ಲಕ್ಕಿಂತ ಮೇಲಿನ ಸ್ವರ ಮೂರನೆಯ ತಂತಿಗೆ ಹೋಯಿತು. ತಂಬೂರಿ ಮೀಟಿದವರಿಗೆ ಇದೇನು ಹೊಸದಲ್ಲ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ: ಅಲ್ಲೂ ಸ್ವರ ಸಾಲಾಗಿ ಏರುವುದಿಲ್ಲ, ಅಲ್ವಾ?

ಒಂದೊಂದಕ್ಕೆ ಸುಮಾರು 4 ಕಿಲೋ ಎಳೆತ ಇಟ್ಟುಕೊಂಡರೆ ಮೊದಲನೆಯದು 0.53 ಮಿ.ಮೀ., ಎರಡನೆಯದು 0.71, ಮೂರನೆಯದು 0.47. ಅಂದರೆ ಮೂರನೆಯದೇ ಎಲ್ಲಕ್ಕಿಂತ ಸಪೂರ. ಗಿಟಾರ್ ಕೈ ಸುಮ್ನೆ ಇರಲ್ಲ, ಸಪೂರದ್ದನ್ನು ಮೊದಲ ಬಿರಡೆಗೇ ಸುತ್ತಿಬಿಡುತ್ತದೆ. ಹುಷಾರು.

ಉದ್ದ ಕತ್ತಿನ ಮಂದ್ರ ತಂತಿಗಳ ಬಗ್ಗೆ ತಲೆಬಿಸಿ ಬೇಡ. ಕೊನೆಯ ‘ಜಿ’ (49) 160 ಸೆಂ.ಮೀ. ಉದ್ದವಿದ್ದರೆ 1.25 ಮಿ.ಮೀ. ತಂತಿ ಸಾಕು. ಅದನ್ನೇ 84ರಲ್ಲಿ ನುಡಿಸಬೇಕೆಂದರೆ 2.4 ಮಿ.ಮೀ. ಬೇಕು, ಬಾವಿ ಹಗ್ಗವೇ ಸರಿ.

ಇನ್ನೊಂದು ಮಾತು. ಲ್ಯೂಟ್‌ಗೆ ಬರೆದದ್ದನ್ನು ಇದರಲ್ಲಿ ನುಡಿಸಿದರೆ, ಏರುತ್ತಿದ್ದ ಸ್ವರ ನಡುವೆಯೇ ದಬಕ್ಕನೆ ಕೆಳಗೆ ಬೀಳುತ್ತದೆ. ಥಿಯೋರ್ಬೊಗೇ ಬರೆದದ್ದನ್ನು ಹುಡುಕಿ. ಥಿಯೋರ್ಬೊ ವಾದಕ, ಸಂಗೀತ ರಚನಕಾರ ಕ್ಯಾಪ್ಸ್‌ಬರ್ಗರ್ 1604ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ರಚನೆಗಳಿಂದ ಶುರುಮಾಡಬಹುದು.