ಹೂಳಿನಡಿಯ ಹಳೇ ಬಾಟಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊಳೆ, ಅಳಿವೆ, ಹಳೇ ಬಂದರುಗಳ ತಳಕ್ಕೆ ಮುಳುಗಿ ಹಳೆಯ ಬಾಟಲಿ ಹುಡುಕುವ ಹವ್ಯಾಸದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸ್ಕೂಬಾ ತರಬೇತಿ ಮುಗಿಸಿದ್ದೇನೆ. ಮೈಲಿಗಟ್ಟಲೆ ಹರಿಯುವ ನದಿಯಲ್ಲಿ ಎಲ್ಲಿ ಮುಳುಗಬೇಕೆಂದು ತಿಳಿಯುವುದು ಹೇಗೆ?

ಜನ ಎಲ್ಲಿ ಎಸೆದರು, ನೀರು ಎಲ್ಲಿಗೆ ಒಯ್ದಿತು – ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಮೊದಲನೆಯದಕ್ಕೆ ಹಳೇ ನಕ್ಷೆ ಸಾಕು. ದೋಣಿ ಕಡವು, ಹಳೇ ಸೇತುವೆ, ಸರಕು ಇಳಿಸುತ್ತಿದ್ದ ಕಟ್ಟೆ, ದಂಡೆಯ ಮೇಲಿದ್ದ ಹೆಂಡದಂಗಡಿ ಅಥವಾ ಸೋಡಾ ಕಾರ್ಖಾನೆ ಎಲ್ಲಿದ್ದವು ನೋಡಿ. ಬಂದರಿನಲ್ಲಾದರೆ ದಡಕ್ಕಿಂತ ಹಡಗುಗಳು ಲಂಗರು ಹಾಕುತ್ತಿದ್ದ ಜಾಗ ಮೇಲು. ಖಾಲಿಯಾದದ್ದನ್ನೆಲ್ಲ ನಾವಿಕರು ನೀರಿಗೇ ಎಸೆಯುತ್ತಿದ್ದರು. ಬಿರಡೆ ಬಿಗಿದ ಖಾಲಿ ಬಾಟಲಿ ತೇಲಿ ಹೋಗಿರುತ್ತದೆ. ಬಾಯಿ ತೆರೆದದ್ದು ಎಸೆದಲ್ಲೇ ಮುಳುಗಿರುತ್ತದೆ.

ಎರಡನೆಯದು ನೀರಿನ ಲೆಕ್ಕ. ನದಿ ತಿರುಗುವಲ್ಲಿ ಒಳಬದಿಗೆ ಮರಳು ತಂದು ಸುರಿಯುತ್ತದೆ, ಹೊರಬದಿಯನ್ನು ಕೊರೆಯುತ್ತದೆ. ಒಳಬದಿಯಲ್ಲಿ ಬಾಟಲಿ ಇದ್ದರೂ ಮೀಟರುಗಟ್ಟಲೆ ಮರಳಿನಡಿ. ಹೊರಬದಿಯ ಮಡುವಿನಲ್ಲಿ, ಸೇತುವೆ ಕಂಬದ ಬುಡದ ಕುಣಿಯಲ್ಲಿ, ದೊಡ್ಡ ಬಂಡೆಯ ಮರೆಯಲ್ಲಿ ಹುಡುಕಿ. ಒಂದೇ ತೂಕದ ವಸ್ತುಗಳನ್ನು ನೀರು ಒಂದೇ ಕಡೆ ಇಳಿಸಿ ಹೋಗುತ್ತದೆ. ಮುಷ್ಟಿ ಗಾತ್ರದ ಕಲ್ಲು, ಕಲ್ಲಿದ್ದಲಿನ ಕಿಟ್ಟ, ಒಡೆದ ಪಿಂಗಾಣಿ ಕೈಗೆ ಸಿಗತೊಡಗಿದರೆ ಅಲ್ಲೇ ನಿಲ್ಲಿ. ಬರೀ ನುಣ್ಣನೆಯ ಮರಳಿದ್ದರೆ ಮುಂದೆ ಹೋಗಿ.

ಪ್ರಶ್ನೆ: ನೀರು ಕಲಕಿಹೋಗಿ ನನ್ನ ಕೈ ನನಗೇ ಕಾಣುವುದಿಲ್ಲ. ಹುಡುಕುವುದು ಹೇಗೆ?

ಈ ಕೆಲಸದಲ್ಲಿ ಕಣ್ಣಿಗಿಂತ ಅಂಗೈ ಹೆಚ್ಚು ನೋಡುತ್ತದೆ. ಮೊದಲನೆಯ ನಿಯಮ: ಹರಿವಿಗೆ ಎದುರಾಗಿಯೇ ಸಾಗಬೇಕು. ಆಗ ನೀವು ಎಬ್ಬಿಸಿದ ಕೆಸರು ಹಿಂದಕ್ಕೆ ಹೋಗುತ್ತದೆ. ಹರಿವಿನ ಜೊತೆ ಹೋದರೆ ಕೆಸರು ನಿಮ್ಮ ಮುಖದ ಮುಂದೆಯೇ ಬರುತ್ತದೆ. ಅದೂ ಅಲ್ಲದೆ ವಾಪಸು ಬರುವಾಗ, ಗಾಳಿ ಕಡಿಮೆಯಾದ ಹೊತ್ತಿಗೆ, ಸೆಳೆತದ ಎದುರು ಈಜಬೇಕಾಗುತ್ತದೆ. ತಳದಲ್ಲಿ ಅಲುಗದೆ ಇರಲು ಮಾಮೂಲಿಗಿಂತ 2–4 ಕೆ.ಜಿ. ಹೆಚ್ಚು ಸೀಸ ಬೇಕು. ಅದು ಒಂದೇ ಎಳೆತಕ್ಕೆ ಕಳಚಿ ಬೀಳುವಂತಿರಲಿ. ದೋಣಿಯ ಲಂಗರಿನಿಂದ ಹರಿವಿನ ಮೇಲ್ಭಾಗಕ್ಕೆ ಹಗ್ಗ ಹಾಸಿ ಅದರ ಗುಂಟ ಸಾಗಿದರೆ ತಡಕಿದ ಜಾಗವನ್ನೇ ಮತ್ತೆ ಮತ್ತೆ ತಡಕುವುದು ತಪ್ಪುತ್ತದೆ.

ಬೆರಳ ತುದಿಯಿಂದ ಚುಚ್ಚಿ ನೋಡಬೇಡಿ. ಬುಡ ಹೂತು, ಮೇಲಿನ ಅರ್ಧ ಒಡೆದುಹೋದ ಬಾಟಲಿ ಕೆಸರಿನಲ್ಲಿ ಹಲ್ಲಿನ ಬಳೆಯಂತೆ ನಿಂತಿರುತ್ತದೆ. ಅಂಗೈಯನ್ನು ಚಪ್ಪಟೆಯಾಗಿಟ್ಟು ಮೆಲ್ಲಗೆ ಸವರಿ, ಕೊಯ್ತ ತಡೆಯುವ ದಪ್ಪ ಕೈಗವಸು ಹಾಕಿ. ಒಂದೇ ಸಮನಾದ ದುಂಡು, ಆಮೇಲೆ ಒಂದು ಏರು, ಆಮೇಲೆ ಉಂಗುರ – ಮೈ, ಭುಜ, ಬಾಯಿ ಹೀಗೆ ಕೈಗೆ ಗೊತ್ತಾಗುತ್ತವೆ. ಹೂಳು ದಪ್ಪ ಇದ್ದಲ್ಲಿ ಮೀಟರುದ್ದದ, 6–8 ಮಿ.ಮೀ. ದಪ್ಪದ ಕಬ್ಬಿಣದ ಸರಳಿನಿಂದ ನಿಧಾನವಾಗಿ ಚುಚ್ಚಿ. ಗಾಜಿಗೆ ತಾಗಿದರೆ ಸಣ್ಣದಾಗಿ ‘ಟಿಣ್’ ಅನ್ನುತ್ತದೆ ಮತ್ತು ತುದಿ ಜಾರುತ್ತದೆ. ಕಲ್ಲಿಗೆ ತಾಗಿದರೆ ಉಜ್ಜಿದಂತಾಗುತ್ತದೆ. ಮರವಾದರೆ ಸದ್ದೇ ಇಲ್ಲ.

ಸಿಕ್ಕ ತಕ್ಷಣ ಕುತ್ತಿಗೆ ಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಜೇಡಿ ಬುಡವನ್ನು ಕಚ್ಚಿ ಹಿಡಿದಿರುತ್ತದೆ, ಕುತ್ತಿಗೆ ಕೈಗೆ ಬರುತ್ತದೆ. ಸುತ್ತ ಬೆರಳಾಡಿಸಿ ನೀರು ಒಳಗಿಳಿಯಲು ಬಿಡಿ, ಮೈ ಹಿಡಿದು ಅತ್ತಿತ್ತ ಅಲ್ಲಾಡಿಸಿ, ತಾನಾಗಿ ಸಡಿಲವಾಗುತ್ತದೆ.

ಪ್ರಶ್ನೆ: ಆರು ಮೀಟರ್ ಆಳ ಅಷ್ಟೇ. ಅದರಲ್ಲೇನು ಅಪಾಯ?

ಹೀಗೆ ಯೋಚಿಸುವುದೇ ದೊಡ್ಡ ಅಪಾಯ. ತಳದಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಶ್ವಾಸಕೋಶ ಹರಿಯಬಹುದು. ಆಳ ಕಡಿಮೆ ಇದ್ದಷ್ಟೂ ಮೇಲಕ್ಕೆ ಚಿಮ್ಮುವುದು ಸುಲಭ.

ಗಾಳಿಯ ಲೆಕ್ಕ ನೋಡಿ. ತಳದಲ್ಲಿ ಕೆದಕುತ್ತ ದುಡಿಯುವವರಿಗೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಬೇಕೆಂದು ಹಿಡಿಯೋಣ. ನೀರಿನ ಮೇಲೆ ಒತ್ತಡ ಸುಮಾರು 1 ಬಾರ್, 6 ಮೀಟರಿನಲ್ಲಿ 1.6 ಬಾರ್, ಅಂದರೆ ಖರ್ಚು 48 ಲೀಟರ್. 12 ಲೀಟರಿನ ಸಿಲಿಂಡರನ್ನು 200 ಬಾರ್‌ಗೆ ತುಂಬಿಸಿ, 70 ಬಾರ್ ಮುಟ್ಟದೆ ಉಳಿಸಿಕೊಂಡರೆ ಕೈಯಲ್ಲಿರುವುದು 1,560 ಲೀಟರ್. ಅಷ್ಟಕ್ಕೆ 32 ನಿಮಿಷ. ಕತ್ತಲಲ್ಲಿ ಗಾಳಿಯ ಒತ್ತಡ ತೋರಿಸುವ ಮೀಟರು ಓದಲಾಗದೆ ಹೋಗಬಹುದು, ಹಾಗಾಗಿ ಮೇಲಿನವರೂ ಗಡಿಯಾರ ನೋಡುತ್ತಿರಬೇಕು. ಬೇರೆಯದೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ) ಇರುವ 3 ಲೀಟರಿನ ಚಿಕ್ಕ ಸಿಲಿಂಡರ್ ಜೊತೆಗಿರಲಿ.

ನಿಜವಾಗಿ ಕಾಡುವುದು ಮೀನಿನ ಬಲೆ ಮತ್ತು ಗಾಳದ ದಾರ. ಕಾಣದ ನೀರಿನಲ್ಲಿ ಅವು ಮೊದಲು ಸಿಕ್ಕಿಕೊಳ್ಳುವುದು ಬೆನ್ನ ಹಿಂದಿನ ವಾಲ್ವಿಗೆ. ಎರಡೂ ಕೈಗೆ ಎಟುಕುವಂತೆ ಎರಡು ದಾರ ಕತ್ತರಿಸುವ ಸಾಧನ ಎದೆಯ ಮೇಲಿರಲಿ. ಕಾಲಿಗೆ ಕಟ್ಟಿದ ಚಾಕು ಬೇಕಾದಾಗ ಎಟುಕುವುದಿಲ್ಲ. ಸಿಕ್ಕಿಕೊಂಡರೆ ಗಿರ್ರನೆ ತಿರುಗಬೇಡಿ, ದಾರ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಬಂದ ದಾರಿಯಲ್ಲೇ ಒಂದಡಿ ಹಿಂದೆ ಸರಿದು, ತಡಕಿ, ಕತ್ತರಿಸಿ.

ಒಡ್ಡು, ತೂಬು, ನೀರೆತ್ತುವ ಪಂಪಿನ ಬಾಯಿಯ ಹತ್ತಿರ ಎಷ್ಟೇ ಒಳ್ಳೆಯ ಬಾಟಲಿ ಇದ್ದರೂ ಇಳಿಯಬೇಡಿ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಬಿಡಿ: ಚರಂಡಿಯೆಲ್ಲ ನದಿಯಲ್ಲೇ ಇರುತ್ತದೆ. ಇಲಿಜ್ವರ, ಕಿವಿಯ ಸೋಂಕು ಬರುವುದು ಹೀಗೆ. ಧನುರ್ವಾಯು ಚುಚ್ಚುಮದ್ದು ಅವಧಿಯೊಳಗಿರಲಿ.

ಬಾಟಲಿ ತುಂಬಿದ ಬಲೆಚೀಲವನ್ನು ಮೈಗೆ ಕಟ್ಟಿಕೊಳ್ಳಬೇಡಿ. ಕೆಸರು ತುಂಬಿದ ಹದಿನೈದು ಬಾಟಲಿ ನಿಮ್ಮನ್ನು ತಳಕ್ಕೆ ಹಿಡಿಯುತ್ತವೆ. ಚೀಲ ಕಳಚಿಬಿದ್ದರೆ ಅದಕ್ಕೆಂದು ತೇಲುವ ಜಾಕೆಟ್ಟಿಗೆ ತುಂಬಿದ್ದ ಗಾಳಿ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಚೀಲವನ್ನು ಹಗ್ಗಕ್ಕೆ ಕಟ್ಟಿ, ನೀವು ಮೇಲೆ ಬಂದ ನಂತರ ದೋಣಿಯವರು ಎಳೆದುಕೊಳ್ಳಲಿ.

ಪ್ರಶ್ನೆ: ಅಳಿವೆಯಲ್ಲಿ ಯಾವ ಹೊತ್ತಿಗೆ ಇಳಿಯಬೇಕು?

ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ನಿಲ್ಲುತ್ತದಲ್ಲ, ಆ ಹೊತ್ತಿಗೆ. ಪಂಚಾಂಗವೋ ಬಂದರಿನ ಪಟ್ಟಿಯೋ ಹೇಳುವ ಭರತದ ವೇಳೆಗೇ ನೀರು ನಿಲ್ಲುತ್ತದೆಂದು ನಂಬಬೇಡಿ. ಅಳಿವೆಯ ಒಳಗೆ ಅದು ಹಿಂದುಮುಂದಾಗುತ್ತದೆ. ಒಂದು ದಿನ ಮೊದಲೇ ಹೋಗಿ, ನೀರಿಗೆ ಕಡ್ಡಿ ಎಸೆದು ಅದು ಯಾವಾಗ ನಿಲ್ಲುತ್ತದೆಂದು ಬರೆದುಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಸೆಳೆತ ಜೋರು, ನೀರು ನಿಲ್ಲುವ ಹೊತ್ತೂ ಚಿಕ್ಕದು. ಅಷ್ಟಮಿ ಕಳೆದ ಒಂದೆರಡು ದಿನ ಎಲ್ಲಕ್ಕಿಂತ ಒಳ್ಳೆಯದು. ಉಬ್ಬರದ ಕೊನೆಯಲ್ಲಿ ಸಮುದ್ರದ ತಿಳಿನೀರು ಒಳಗೆ ಬಂದಿರುವುದರಿಂದ ಕಾಣುವುದೂ ತುಸು ಹೆಚ್ಚು.

ಪ್ರಶ್ನೆ: ಸಿಕ್ಕ ಬಾಟಲಿ ಎಷ್ಟು ಹಳೆಯದೆಂದು ಮನೆಯಲ್ಲೇ ತಿಳಿಯಬಹುದೇ?

ಬಹುಮಟ್ಟಿಗೆ. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಬಾಟಲಿಯ ಪಕ್ಕದಲ್ಲಿ ಸಣ್ಣ ಗೆರೆ ಉಳಿದಿರುತ್ತದೆ. ಉಗುರಿನಿಂದ ಅದರ ಜಾಡು ಹಿಡಿದು ಮೇಲಕ್ಕೆ ಹೋಗಿ. ಗೆರೆ ಬಾಯಂಚನ್ನು ದಾಟಿ ಹೋಗಿದ್ದರೆ ಯಂತ್ರದ್ದು; ಅಮೆರಿಕದ ಮೈಕೆಲ್ ಓವೆನ್ಸ್ ಬಾಟಲಿ ಮಾಡುವ ಪೂರ್ಣ ಸ್ವಯಂಚಾಲಿತ ಯಂತ್ರ ಓಡಿಸಿದ್ದು 1903ರಲ್ಲಿ, ಹೆಚ್ಚಾಗಿ ಆಮೇಲಿನದು. ಗೆರೆ ಕುತ್ತಿಗೆಯಲ್ಲೇ ಅಳಿಸಿಹೋಗಿದ್ದರೆ ಬಾಯನ್ನು ಕೈಯಲ್ಲಿ ತಿದ್ದಿದ್ದಾರೆ, ಹೆಚ್ಚಾಗಿ 19ನೇ ಶತಮಾನದ್ದು.

ಆಮೇಲೆ ಬಾಟಲಿಯನ್ನು ಬೋರಲು ಮಾಡಿ. ತಳದ ನಡುವೆ ಒರಟಾದ, ಕಿತ್ತ ಹಾಗಿರುವ ಕಲೆ ಇದೆಯೇ? ಬಾಯಿ ತಿದ್ದುವಾಗ ಹಿಡಿದುಕೊಳ್ಳಲೆಂದು ತಳಕ್ಕೆ ಅಂಟಿಸಿದ್ದ ಸರಳನ್ನು ಮುರಿದ ಗುರುತು ಅದು. ಮಾಮೂಲಿ ಬಾಟಲಿಗಳಲ್ಲಿ 1860ರ ದಶಕದ ನಂತರ ಇದು ಅಪರೂಪ. ನಡುವಿನಿಂದ ತುಸು ಸರಿದ, ಅಂಚು ತರಿತರಿಯಾದ ವೃತ್ತವಿದ್ದರೆ ಅದು ಓವೆನ್ಸ್ ಯಂತ್ರ ಗಾಜನ್ನು ಹೀರಿ ಕತ್ತರಿಸಿದ ಗುರುತು. ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಗೆರೆಯೇ ಇಲ್ಲವೆಂದ ಮಾತ್ರಕ್ಕೆ ಅಚ್ಚಿಲ್ಲದೆ ಊದಿದ್ದೆಂದು ಕುಣಿಯಬೇಡಿ. ಬಾಟಲಿಯನ್ನು ಅಚ್ಚಿನೊಳಗೇ ತಿರುಗಿಸಿ ಗೆರೆ ಅಳಿಸುತ್ತಿದ್ದರು, ದ್ರಾಕ್ಷಾರಸದ ಬಾಟಲಿಗಳಲ್ಲಿ ಇದು ಸಾಮಾನ್ಯ. ಓರೆ ಬೆಳಕಿನಲ್ಲಿ ಹಿಡಿದರೆ ಮೈಸುತ್ತ ಅಡ್ಡಡ್ಡ ಕೂದಲೆಳೆ ಗೀರು ಕಾಣುತ್ತವೆ.

ಮುಚ್ಚಳದ ಬಗೆಯೂ ಹೇಳುತ್ತದೆ. ಕುತ್ತಿಗೆಯಲ್ಲಿ ಗೋಲಿ ಇರುವ ಸೋಡಾ ಬಾಟಲಿಗೆ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1872ರ ಸುಮಾರಿಗೆ. ಅಂಚು ಮಡಚಿದ ತಗಡಿನ ಕ್ರೌನ್ ಮುಚ್ಚಳ ವಿಲಿಯಂ ಪೇಂಟರ್ ಅವರದು, 1892. ತಳ ಚೂಪಾಗಿ ನಿಲ್ಲಲಾರದ ಮೊಟ್ಟೆಯಾಕಾರದ್ದು ಸಿಕ್ಕರೆ ಅದು ಕೆಟ್ಟ ಅಚ್ಚಲ್ಲ. ಮಲಗಿಸಿಯೇ ಇಡಬೇಕೆಂದು, ಬಿರಡೆ ಸದಾ ಒದ್ದೆಯಿದ್ದು ಗ್ಯಾಸ್ ಸೋರಬಾರದೆಂದು ಹಾಗೆ ಮಾಡಿದ್ದು. ಬಣ್ಣವೊಂದನ್ನೇ ನಂಬಿ ವಯಸ್ಸು ಹೇಳುವವರನ್ನು ನಂಬಬೇಡಿ.

ಪ್ರಶ್ನೆ: ನೀರಿನಿಂದ ತೆಗೆದಾಗ ಲಕಲಕ ಅನ್ನುತ್ತಿತ್ತು. ಒಣಗಿದ ಮೇಲೆ ಮಬ್ಬಾಗಿ ಕಾಮನಬಿಲ್ಲಿನ ಬಣ್ಣ ಬಂತು. ತೊಳೆದರೂ ಹೋಗುತ್ತಿಲ್ಲ.

ಅದು ಕೊಳೆಯಲ್ಲ, ಗಾಜೇ ಕೆಟ್ಟಿರುವುದು. ವರ್ಷಗಟ್ಟಲೆ ನೀರಿನಲ್ಲಿದ್ದಾಗ ಗಾಜಿನೊಳಗಿನ ಸೋಡಾ, ಪೊಟ್ಯಾಷ್ ಕರಗಿಹೋಗಿ ಮೇಲೆ ಸಿಲಿಕಾದ ಪೊರೆ ಪೊರೆ ಉಳಿಯುತ್ತದೆ. ಒದ್ದೆಯಿದ್ದಾಗ ಪೊರೆಗಳ ನಡುವೆ ನೀರು ತುಂಬಿರುವುದರಿಂದ ಕಾಣುವುದಿಲ್ಲ. ಒಣಗಿ ಗಾಳಿ ಹೊಕ್ಕ ಮೇಲೆ ಬೆಳಕು ಚದುರುತ್ತದೆ. ಎಣ್ಣೆ ಸವರಿ ಮಾರುವವರ ಗುಟ್ಟೂ ಇದೇ. ಪೊರೆ ಹೋಗಬೇಕೆಂದರೆ ಸವೆಸಬೇಕು: ಚೂರು ಮಾಡಿದ ತಾಮ್ರದ ತಂತಿ, ಅಲ್ಯೂಮಿನಿಯಂ ಆಕ್ಸೈಡ್, ನೀರು ಹಾಕಿ ನಿಧಾನವಾಗಿ ತಿರುಗುವ ಡ್ರಮ್ಮಿನಲ್ಲಿ ಎರಡು ಮೂರು ದಿನ, ಹೊಳಪಿಗೆ ಸೀರಿಯಂ ಆಕ್ಸೈಡಿನಲ್ಲಿ ಮತ್ತೆ ಅಷ್ಟು ದಿನ. ಉಬ್ಬಕ್ಷರ ಮೊಂಡಾಗುವ ಅಪಾಯವಿದೆ. ತೀರಾ ಹಳೆಯದಾದರೆ ಆ ಬಣ್ಣವನ್ನು ಹಾಗೇ ಬಿಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಬರೀ ಕೊಳೆಯಾದರೆ ಕ್ರಮ ಬೇರೆ. ಸಮುದ್ರದ್ದಾದರೆ ಒಣಗಲು ಬಿಡದೆ ಸಿಹಿನೀರಿನಲ್ಲಿಡಿ, ಎರಡು ವಾರ ದಿನಾ ನೀರು ಬದಲಿಸಿ. ಒಳಗಿನ ಉಪ್ಪು ಹರಳುಗಟ್ಟಿದರೆ ಮೈ ಚಕ್ಕೆ ಏಳುತ್ತದೆ. ಚಿಪ್ಪು, ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ಕೆಲವು ದಿನ ನೆನೆಸಿ. ತುಕ್ಕಿನ ಕಲೆಗೆ ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್, ಕೈಗವಸು ಹಾಕಿ, ಗಾಳಿಯಾಡುವಲ್ಲಿ, ಅದು ವಿಷ. ಒಳಗೆ ಉಜ್ಜಲು ಮರಳು ಹಾಕಿ ಕುಲುಕಬೇಡಿ, ಗೀರು ಬೀಳುತ್ತದೆ. ಬಿಸಿನೀರು ಬೇಡವೇ ಬೇಡ. ಬಣ್ಣದಲ್ಲಿ ಅಚ್ಚು ಹಾಕಿದ ಲೇಬಲ್ ಇದ್ದರೆ ಆಸಿಡ್, ಬ್ರಷ್ ಎರಡೂ ದೂರ.

ಪ್ರಶ್ನೆ: ಬಿರಡೆ ಹಾಕಿದ್ದು, ಒಳಗೆ ದ್ರವ ಇರುವುದು ಸಿಕ್ಕಿದೆ. ತೆಗೆಯಲೇ?

ಬೇಡ. ಔಷಧಿ ಅಂಗಡಿಯ ಬಾಟಲಿಯಲ್ಲಿ ಏನು ಬೇಕಾದರೂ ಇರಬಹುದು. ಕಡುನೀಲಿ ಗಾಜು, ಮೈಮೇಲೆ ಉಬ್ಬುಗೆರೆ ಅಥವಾ ಗುಳ್ಳೆ ಇದ್ದರೆ ಅದು ಕತ್ತಲಲ್ಲೂ ಕೈಗೆ ವಿಷವೆಂದು ಗೊತ್ತಾಗಲೆಂದೇ ಮಾಡಿದ್ದು. ನೇರವಾಗಿ ನಿಲ್ಲಿಸಿ, ನೆರಳಿನಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಅಥವಾ ವಸ್ತುಸಂಗ್ರಹಾಲಯದವರಿಗೆ ತಿಳಿಸಿ.

ಪ್ರಶ್ನೆ: ಸಿಕ್ಕಿದ್ದೆಲ್ಲ ನನ್ನದೇ?

ಅಲ್ಲ. ನದಿಯ ತಳಕ್ಕೂ ಒಡೆಯರಿರುತ್ತಾರೆ, ಹೆಚ್ಚಿನ ಕಡೆ ಸರ್ಕಾರವೇ. ನೀರೊಳಗಿನ ಸಾಂಸ್ಕೃತಿಕ ಪರಂಪರೆಯ ಬಗ್ಗೆ 2001ರಲ್ಲಿ ಯುನೆಸ್ಕೋ ಮಾಡಿದ ಒಪ್ಪಂದ ನೂರು ವರ್ಷ ನೀರಿನಲ್ಲಿದ್ದ ಕುರುಹುಗಳಿಗೆ ಅನ್ವಯಿಸುತ್ತದೆ. ಅದು 2009ರಿಂದ ಜಾರಿಯಲ್ಲಿದೆ. ದೇಶದಿಂದ ದೇಶಕ್ಕೆ ಕಾನೂನು ಬೇರೆ: ಬ್ರಿಟನ್ನಿನಲ್ಲಿ ಹಡಗಿನ ಅವಶೇಷದಿಂದ ಏನೇ ಎತ್ತಿದರೂ 28 ದಿನದೊಳಗೆ ವರದಿ ಮಾಡಬೇಕು; ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಹವ್ಯಾಸಿಗಳಿಗೆಂದೇ ಪರವಾನಗಿ ಇದೆ. ಇಳಿಯುವ ಮೊದಲೇ ಪುರಾತತ್ವ ಇಲಾಖೆಯನ್ನೂ ಬಂದರಿನವರನ್ನೂ ಕೇಳಿ. ಒಂದೇ ಬಗೆಯ ಬಾಟಲಿ ಸಾಲಾಗಿ, ಪಕ್ಕದಲ್ಲಿ ಹಲಗೆ, ಮೊಳೆ ಸಿಕ್ಕರೆ ಅದು ಎಸೆದ ಕಸವಲ್ಲ, ಮುಳುಗಿದ ಹಡಗಿರಬಹುದು. ಏನನ್ನೂ ಅಲುಗಿಸದೆ, ಜಾಗ ಗುರುತು ಮಾಡಿಕೊಂಡು ಮೇಲೆ ಬನ್ನಿ. ಎಸೆದ ಬಾಟಲಿಯೇ ಆದರೂ ಚೀಲಕ್ಕೆ ಹಾಕುವ ಮುನ್ನ ತಳದಲ್ಲೇ ಬಗ್ಗಿಸಿ ಕುಲುಕಿ: ಒಳಗೆ ಏಡಿಯೋ ಮೀನಿನ ಮೊಟ್ಟೆಯೋ ಇದ್ದರೆ ಅದನ್ನು ಅಲ್ಲೇ ಬಿಟ್ಟು ಪಕ್ಕದ್ದನ್ನು ನೋಡಿ.