ಬಾಳೆಗೆ ಬರೋ ಪನಾಮಾ ಸೊರಗು ರೋಗದ ಫಂಗಸ್ ಯಾವ ತಳಿ ಅಂತ ಲ್ಯಾಬಲ್ಲಿ ಹೆಂಗೆ ಕಂಡುಹಿಡೀತಾರೆ?
ಈಗ ಜಾಸ್ತಿ ನಂಬೋದು ಪಿಸಿಆರ್ ಟೆಸ್ಟನ್ನ, ಅಂದ್ರೆ ಆ ತಳಿಯಲ್ಲಿ ಮಾತ್ರ ಇರೋ ಡಿಎನ್‌ಎ ತುಣುಕನ್ನ ಹುಡುಕಿ ಕೋಟಿಗಟ್ಟಲೆ ಕಾಪಿ ಮಾಡೋದು, ಕಾಪಿ ಆಯ್ತು ಅಂದ್ರೆ ಆ ತಳಿ ಇದೆ ಅಂತ. ಮೈಕ್ರೋಸ್ಕೋಪಲ್ಲಿ ಎಷ್ಟು ನೋಡಿದ್ರೂ ಹೇಳಕ್ಕಾಗಲ್ಲ, ನಮ್ಮ ರಸಬಾಳೆನ ಒಣಗಿಸೋ ರೇಸ್ 1 ಆಗ್ಲಿ, ಜಿ9 ಥರದ ಕ್ಯಾವೆಂಡಿಶ್ ಬಾಳೆನೂ ಬಿಡದ ಟಿಆರ್4 (ಟ್ರಾಪಿಕಲ್ ರೇಸ್ 4) ಆಗ್ಲಿ, ಕಣ್ಣಿಗೆ ಎರಡೂ ಒಂದೇ.

ಪಿಸಿಆರ್‌ಗಿಂತ ಹಳೇ ವಿಧಾನ ಒಂದಿದೆ, ನಂಗೆ ಅದೇ ಇಷ್ಟ. ಫಂಗಸ್ಸನ್ನ ಕ್ಲೋರೇಟ್ ಹಾಕಿದ ಪ್ಲೇಟಲ್ಲಿ ಬೆಳೆಸಿದ್ರೆ ನೈಟ್ರೇಟ್ ಜೀರ್ಣಿಸ್ಕೊಳಕ್ಕೆ ಬರದ ಮ್ಯೂಟೆಂಟ್‌ಗಳು (ಜೀನ್ ಕೆಟ್ಟಿರೋವು) ಸಿಗ್ತವೆ, ಅವನ್ನ ನೈಟ್ರೇಟ್ ಬಿಟ್ರೆ ಬೇರೆ ಸಾರಜನಕ ಇಲ್ಲದ ಪ್ಲೇಟಿಗೆ ಹಾಕಿದ್ರೆ ಜೇಡರ ಬಲೆ ಥರ ತೆಳ್ಳಗೆ ಹರಡ್ತವೆ ಅಷ್ಟೇ. ಈಗ ಗೊತ್ತಿರೋ ಗುಂಪಿನ (ಎಳೆಗಳು ಒಂದಕ್ಕೊಂದು ಬೆಸೆಯೋ ಫಂಗಸ್‌ಗಳೆಲ್ಲ ಒಂದು ಗುಂಪು) ಇನ್ನೊಂದು ಮ್ಯೂಟೆಂಟನ್ನ, ಅದರಲ್ಲಿ ಬೇರೆ ಜೀನ್ ಕೆಟ್ಟಿರ್ಬೇಕು, ಪಕ್ಕದಲ್ಲಿಡ್ತಾರೆ. ಎರಡೂ ಒಂದೇ ಗುಂಪಿನವಾದ್ರೆ ಎಳೆಗಳು ಬೆಸೆದುಕೊಂಡು ಒಂದರ ಕೊರತೆನ ಇನ್ನೊಂದು ತುಂಬಿ, ಸೇರೋ ಗೆರೆಲಿ ದಪ್ಪಗೆ ಬಿಳಿ ಹತ್ತಿ ಥರ ಬೆಳೆಯುತ್ತೆ, ಬೇರೆ ಗುಂಪಾದ್ರೆ ಏನೂ ಆಗಲ್ಲ. ಟಿಆರ್4 ಗುಂಪಿನ ನಂಬರ್ 01213. ಆದ್ರೆ ಇದಕ್ಕೆ ವಾರಗಟ್ಟಲೆ ಬೇಕು, ಪಿಸಿಆರ್ ಒಂದೇ ದಿನದಲ್ಲಿ ಮುಗಿಯುತ್ತೆ.